ತಲೆಬಿಸಿ ಇಳಿಸಲು ಯಾವುದು ನಿಮಗೆ ಸರಿ: ಉಸಿರು, ನಡಿಗೆ, ಕೈಕೆಲಸ, ಇಲ್ಲಾ ಶಿಬಿರ?

ಆತಂಕ ಜಾಸ್ತಿಯಾಗಿದೆ ಅಂತ ಯಾರಿಗಾದರೂ ಹೇಳಿ ನೋಡಿ. "ದಿನಾ ಸ್ವಲ್ಪ ಹೊತ್ತು ಧ್ಯಾನ ಮಾಡು" ಎಂಬ ಉತ್ತರ ತಕ್ಷಣ ಬರುತ್ತದೆ. ಯಾವ ಧ್ಯಾನ, ಎಷ್ಟು ಹೊತ್ತು, ಎದೆ ಡವಡವ ಹೊಡೆದುಕೊಳ್ಳುವಾಗ ಮಾಡಬೇಕೋ ಅದಕ್ಕೂ ಮೊದಲೇ ರೂಢಿ ಮಾಡಿಕೊಳ್ಳಬೇಕೋ ಅಂತ ಬಿಡಿಸಿ ಹೇಳುವವರು ಕಡಿಮೆ. ಅದೂ ನಮ್ಮ ಉತ್ತರ ಕನ್ನಡದ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವ ಕೋಣೆ ಸಿಗುವುದೇ ಕಷ್ಟ. ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರೆ "ಎಂತಕ್ಕೆ ಸುಮ್ನೆ ಕುಂತಿದ್ದೆ ತಂಗಿ, ಹುಷಾರಿಲ್ಯ?" ಅಂತ ಆಯಿ ಕೇಳುತ್ತಾಳೆ. ಅವಳು ಕೇಳುವುದು ಕಾಳಜಿಯಿಂದಲೇ. ಆದರೆ ಅಭ್ಯಾಸ ಅಲ್ಲಿಗೆ ನಿಲ್ಲುತ್ತದೆ.

ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇರುವವರು ತಮ್ಮ ದಿನದ ಕೆಲಸ ಬಿಡದೆ ಮಾಡಬಹುದಾದ ದಾರಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ನಾನು ಡಾಕ್ಟರಲ್ಲ. ಇದನ್ನೆಲ್ಲ ಓದಿಕೊಂಡು, ಮಾಡಿ ನೋಡಿ, ಮಾಡುವವರ ಜೊತೆ ಕೂತು ಮಾತಾಡಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕಣ್ಣು ಮುಚ್ಚಿ ಕೂರುವುದು ಎಲ್ಲರ ಮೊದಲ ಆಯ್ಕೆ ಆಗಬೇಕಿಲ್ಲ. ನಿಮ್ಮ ಆತಂಕ ಎಲ್ಲಿ ಕಾಣಿಸಿಕೊಳ್ಳುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ನೋಡಿ ಆರಿಸಬೇಕು.

ಮೊದಲು ಆತಂಕ ಯಾವ ಥರದ್ದು ನೋಡಿ

ಕೆಲವರಿಗೆ ಅದು ಮೈಯಲ್ಲಿ ಬರುತ್ತದೆ. ಎದೆ ಬಡಿತ, ಕೈ ನಡುಕ, ಹೊಟ್ಟೆಯಲ್ಲಿ ಸಂಕಟ, ಗಂಟಲು ಕಟ್ಟಿದ ಹಾಗೆ. ಇನ್ನು ಕೆಲವರಿಗೆ ಮೈ ಸುಮ್ಮನಿರುತ್ತದೆ, ತಲೆ ಓಡುತ್ತಿರುತ್ತದೆ. ಮಗನ ಕೆಲಸ, ಸೊಸೈಟಿಯ ಸಾಲ, ತೋಟಕ್ಕೆ ಬಿದ್ದ ಎಲೆಚುಕ್ಕಿ ರೋಗ, ಒಂದರ ಹಿಂದೆ ಒಂದು. ಮೂರನೆಯದು ನೆನಪಿನಿಂದ ಬರುವ ಹೆದರಿಕೆ. ಅದರ ಮಾತು ಬೇರೆ, ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ಆರಿಸುವ ಮೊದಲು ಒಂದೆರಡು ವಿಷಯ ಖಚಿತ ಮಾಡಿಕೊಳ್ಳಿ. ಎದೆನೋವು, ಉಸಿರು ಕಟ್ಟುವುದು ಮೊದಲ ಸಲ ಬಂದಿದ್ದರೆ ಅದನ್ನು ಆತಂಕ ಅಂತ ನೀವೇ ತೀರ್ಮಾನಿಸಬೇಡಿ. ಇಸಿಜಿ ಮಾಡಿಸಿ. ದೊಡ್ಡ ಆಸ್ಪತ್ರೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕಾದ ಜಿಲ್ಲೆ ನಮ್ಮದು, ಹಾಗಾಗಿ ತಡ ಮಾಡದಿರುವುದೇ ಕ್ಷೇಮ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಬಡಿತ ಏರುತ್ತದೆ, ಕೈ ನಡುಗಬಹುದು. ಎರಡಕ್ಕೂ ರಕ್ತ ಪರೀಕ್ಷೆ ಸಾಕು.

ಇನ್ನು ಚಹಾ, ಕಾಫಿ. ಎರಡರಲ್ಲೂ ಕೆಫೀನ್ ಇದೆ. ಆತಂಕ ಇರುವವರಿಗೆ ಅದು ಎದೆ ಬಡಿತವನ್ನು ಇನ್ನಷ್ಟು ಏರಿಸಬಹುದು. ಕೊತ್ತಂಬರಿ, ಜೀರಿಗೆಯ ಕಷಾಯ ಕುಡಿಯುವ ರೂಢಿ ಘಟ್ಟದ ಮೇಲೆ ಇದ್ದೇ ಇದೆ, ಸಂಜೆಯ ಚಹಾದ ಜಾಗಕ್ಕೆ ಅದು ಬರಲಿ. ಕವಳ (ಎಲೆ-ಅಡಿಕೆ) ಹಾಕುವವರಿಗೂ ಒಂದು ಮಾತು. ಅಡಿಕೆ ಉದ್ರೇಕ ಮಾಡುವ ಪದಾರ್ಥ. ತಂಬಾಕಿನ ನಿಕೋಟಿನ್ ಅದಕ್ಕಿಂತ ಜೋರು. ಅಡಿಕೆ ಬೆಳೆದು ಬದುಕುವ ಊರಿನಲ್ಲಿ ಇದನ್ನು ಹೇಳಲು ಕಷ್ಟವಾಗುತ್ತದೆ. ಆದರೂ ದಿನಕ್ಕೆ ಹತ್ತಾರು ಕವಳ ಹಾಕಿ, ಜೊತೆಗೆ ಉಸಿರಾಟದ ಅಭ್ಯಾಸ ಮಾಡಿ, "ಏನೂ ಉಪಯೋಗ ಆಗಲಿಲ್ಲ" ಅಂದರೆ ಆ ಅಭ್ಯಾಸಕ್ಕೆ ನ್ಯಾಯ ಸಿಗುವುದಿಲ್ಲ.

ಉಸಿರು: ಬೇಗ ಕೆಲಸ ಮಾಡುತ್ತದೆ, ಎಲ್ಲರಿಗೂ ಹಿಡಿಸುವುದಿಲ್ಲ

ಹೆದರಿಕೆಯಾದಾಗ ಉಸಿರು ಮೇಲೆ ಮೇಲೆ, ಬೇಗ ಬೇಗ ಬರುತ್ತದೆ. ಹಾಗೆ ಬಂದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರವಾಗಿ ತಿರುಗುವುದು ಅದರಿಂದಲೇ. ಆ ಲಕ್ಷಣ ನೋಡಿ ಹೆದರಿಕೆ ಇನ್ನೂ ಏರುತ್ತದೆ. ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಈ ಸುತ್ತು ಕಡಿಯುತ್ತದೆ. ಉಸಿರು ಬಿಡುವಾಗ ಎದೆ ಬಡಿತ ತಾನಾಗಿ ಸ್ವಲ್ಪ ಇಳಿಯುವುದು ನಮ್ಮೆಲ್ಲರ ದೇಹದ ಗುಣ.

ಮಾಡುವುದು ಸುಲಭ. ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು. ಆಮೇಲೆ ಬಾಯಿಂದ ನಿಧಾನವಾಗಿ, ಪೂರ್ತಿ ಬಿಡಿ. ಇದನ್ನು 5 ನಿಮಿಷ ಮಾಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೂ, ಬೇರೆ ಎರಡು ಉಸಿರಾಟದ ಕ್ರಮಗಳನ್ನೂ, ಸುಮ್ಮನೆ ಕೂತು ಉಸಿರನ್ನು ಗಮನಿಸುವುದನ್ನೂ ಒಂದು ತಿಂಗಳು ಹೋಲಿಸಿ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆತಂಕ ನಾಲ್ಕೂ ಗುಂಪಿನಲ್ಲಿ ಇಳಿದಿತ್ತು. ಮನಸ್ಸಿನ ಹುರುಪು ಮಾತ್ರ ಈ ಉದ್ದ ಉಸಿರಿನ ಗುಂಪಿನಲ್ಲಿ ಜಾಸ್ತಿ ಏರಿತ್ತು.

ಮೈಯಲ್ಲಿ ಆತಂಕ ಬರುವವರಿಗೆ ಇದು ಒಳ್ಳೆಯ ಮೊದಲ ಹೆಜ್ಜೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲೂ ಮಾಡಬಹುದು, ಪರೀಕ್ಷೆಯ ಕೋಣೆಯಲ್ಲೂ ಮಾಡಬಹುದು. ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಆದರೆ ಉಸಿರಿನ ಮೇಲೇ ಹೆದರಿಕೆ ಇರುವವರು ಇದ್ದಾರೆ. ಆಸ್ತಮಾ ಇದ್ದವರು, ಪ್ಯಾನಿಕ್ (ಒಮ್ಮೆಲೇ ಏರುವ ವಿಪರೀತ ಹೆದರಿಕೆ) ಬಂದು "ಉಸಿರು ನಿಂತೇ ಹೋಯಿತು" ಅನ್ನಿಸಿದವರು. ಅವರು ಉಸಿರನ್ನು ಗಮನಿಸಲು ಹೋದರೆ ಹೆದರಿಕೆ ಇಳಿಯುವ ಬದಲು ಏರಬಹುದು. ಇದು ಅವರ ದೌರ್ಬಲ್ಯ ಖಂಡಿತ ಅಲ್ಲ. ಅವರಿಗೆ ಹೊಂದುವ ದಾರಿ ಬೇರೆ, ಅಷ್ಟೆ. ಗಮನ ಎದೆಯಿಂದ ದೂರ ಹೋಗಬೇಕು, ಕಾಲಿಗೆ ಅಥವಾ ಕೈಗೆ.

ನಡಿಗೆ

ಒಂದೇ ಕಡೆ ಕೂರಲು ಆಗದಷ್ಟು ಚಡಪಡಿಕೆ ಇದ್ದರೆ ನಾನು ಮೊದಲು ಹೇಳುವುದು ನಡಿಗೆ. ಇಲ್ಲಿ ಕಿಲೋಮೀಟರ್ ಲೆಕ್ಕ ಬೇಡ. ಹಿಮ್ಮಡಿ ನೆಲ ಮುಟ್ಟಿತು, ಪಾದ ಊರಿತು, ಬೆರಳು ಎತ್ತಿತು, ಇಷ್ಟನ್ನು ಗಮನಿಸುತ್ತಾ ನಿಧಾನವಾಗಿ ನಡೆಯಬೇಕು. ಮನಸ್ಸು ಸಾಲಕ್ಕೋ ಜಗಳಕ್ಕೋ ಹಾರಿತು ಅಂತ ಗೊತ್ತಾದ ಕೂಡಲೇ ಮತ್ತೆ ಪಾದಕ್ಕೆ ತರಬೇಕು. ಹಾರಿದ್ದಕ್ಕೆ ಬೇಜಾರು ಬೇಡ. ಹಾಗೆ ವಾಪಸ್ ತರುವುದೇ ಇಲ್ಲಿನ ಅಭ್ಯಾಸ. ಹತ್ತು ಸಲ ಹಾರಿದರೆ ಹತ್ತು ಸಲ ಅಭ್ಯಾಸ ಮಾಡಿದ ಹಾಗಾಯಿತು.

ಕಾರವಾರದವರಿಗೆ ಟ್ಯಾಗೋರ್ ಬೀಚ್ ಇದೆ. ಇಳಿತದ ಹೊತ್ತಿನಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ. ಬರಿಗಾಲಲ್ಲಿ ನಡೆದರೆ ತಂಪು, ಗಟ್ಟಿ, ಜಾರುವುದು, ಎಲ್ಲವೂ ಪಾದಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಗಮನ ಹಿಡಿದು ನಿಲ್ಲಿಸಲು ಕಷ್ಟಪಡಬೇಕಿಲ್ಲ. ಸಂಜೆಯ ಜನಜಂಗುಳಿಗಿಂತ ಬೆಳಗಿನ ಹೊತ್ತು ಒಳ್ಳೆಯದು. ಅಂಕೋಲಾ, ಕುಮಟಾ, ಹೊನ್ನಾವರದವರಿಗೂ ಕಡಲು ದೂರವೇನಲ್ಲ. ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ದಾರಿ ಇದೆ. ನಿಧಾನ ನಡಿಗೆಗೆ ಹೇಳಿ ಮಾಡಿಸಿದ ಜಾಗ. ಜೂನ್ ಬಂದ ಮೇಲೆ ಮಾತ್ರ ಕಡಲಿನ ಅಂಚಿಗೆ ಹೋಗಬೇಡಿ. ಮಳೆಗಾಲದ ಅಲೆ ಎಲ್ಲಿಯವರೆಗೆ ಬರುತ್ತದೆ ಅಂತ ಹೇಳಲು ಬರುವುದಿಲ್ಲ.

ಶಿರಸಿ ಕಡೆಯವರು ಬೇಸಿಗೆಯಲ್ಲಿ ತೋಟದ ದಾರಿ, ಸೊಪ್ಪಿನ ಬೆಟ್ಟದ ಕಾಲುದಾರಿ ಹಿಡಿಯಬಹುದು. ಮಳೆಗಾಲದಲ್ಲಿ ಉಂಬಳದ ಕಾಟ, ಜಾರುವ ನೆಲ. ಆಗ ಉದ್ದ ಜಗಲಿಯೇ ಸಾಕು. ಈ ನಡಿಗೆಗೆ ಹದಿನೈದು ಹೆಜ್ಜೆಯ ಜಾಗ ಇದ್ದರೆ ಆಯಿತು. ಈ ತುದಿಯಿಂದ ಆ ತುದಿಗೆ ಹೋಗಿ, ನಿಂತು, ತಿರುಗಿ, ಮತ್ತೆ ಬರುವುದು. ಜಗಲಿಯಲ್ಲಿ ಓಡಾಡುವವರನ್ನು ಯಾರೂ ಹುಷಾರಿಲ್ಲವಾ ಅಂತ ಕೇಳುವುದಿಲ್ಲ, ಅದೂ ಒಂದು ಅನುಕೂಲ.

ಉಸಿರಿಗೂ ನಡಿಗೆಗೂ ಹೋಲಿಸಿದರೆ ನಡಿಗೆ ನಿಧಾನ. ಐದು ನಿಮಿಷದಲ್ಲಿ ಎದೆ ಬಡಿತ ಇಳಿಯಲಿಕ್ಕಿಲ್ಲ. ಆದರೆ ಚಡಪಡಿಕೆ ಮೈಯಿಂದ ಹೊರಗೆ ಹೋಗುತ್ತದೆ, ರಾತ್ರಿ ನಿದ್ದೆ ಸುಧಾರಿಸುತ್ತದೆ, ಬಿಡದೆ ಮಾಡುವವರೂ ಇದರಲ್ಲೇ ಜಾಸ್ತಿ. ಮೊಣಕಾಲು ನೋವು ಇರುವ ಹಿರಿಯರಿಗೆ ಇದು ಹೊಂದುವುದಿಲ್ಲ.

ಕೈಕೆಲಸ: ನಾನು ಹೆಚ್ಚು ನಂಬುವ ದಾರಿ

ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 8 ವಾರಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣ ನಡೆಯುತ್ತಿರುವುದರ ಮೇಲೆ ಗಮನ ಇಡುವುದು) ತರಬೇತಿ ಶುರು ಮಾಡಿದರು. ಅದರಲ್ಲಿ ಒಣದ್ರಾಕ್ಷಿಯ ಒಂದು ಅಭ್ಯಾಸ ಬಹಳ ಹೆಸರಾಗಿದೆ. ಒಂದೇ ದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಾಲಿಗೆ ಮೇಲಿಟ್ಟು, ಕೊನೆಗೆ ನಿಧಾನವಾಗಿ ಅಗಿಯುವುದು. ಹುಡುಕಿಕೊಂಡು ದ್ರಾಕ್ಷಿಯನ್ನೇ ತರಬೇಕಿಲ್ಲ. ಒಣಗಿದ ಮುರುಗಲು ಸಿಪ್ಪೆಯ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಆ ಹುಳಿ ಗಮನವನ್ನು ಒಮ್ಮೆಲೇ ನಾಲಿಗೆಗೆ ಎಳೆಯುತ್ತದೆ. ಅಪ್ಪೆಮಿಡಿಯ ಪರಿಮಳವೂ ಹಾಗೇ.

ಇದೇ ಗಮನವನ್ನು ಕೆಲಸಕ್ಕೆ ತಂದರೆ ಬೇರೆ ಸಮಯ ಹೊಂದಿಸುವ ಅಗತ್ಯ ಇಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು ನೋಡಿ. ಕತ್ತಿ ಚೂಪು, ಕೈ ತಪ್ಪಿದರೆ ರಕ್ತ. ಸಿಪ್ಪೆ ಬಿಡುವ ಸದ್ದು, ಹಸಿ ಅಡಿಕೆಯ ವಾಸನೆ, ಬೆರಳಿಗೆ ಹತ್ತುವ ಕಪ್ಪು. ಮನಸ್ಸು ಅಲ್ಲೇ ಇರಬೇಕಾಗುತ್ತದೆ. ಈಗ ಸುಲಿಯುವ ಯಂತ್ರ ಬಂದಿದೆ, ಮೆಟ್ಟುಗತ್ತಿ ಕಡಿಮೆಯಾಗಿದೆ. ಆದರೂ ಹೂ ಕಟ್ಟುವುದು, ಅಕ್ಕಿ ಆರಿಸುವುದು, ಬಳ್ಳಿಯಿಂದ ಬಿದ್ದ ಕಾಳುಮೆಣಸು ಹೆಕ್ಕುವುದು ಇದ್ದೇ ಇದೆ. ಹತ್ತು ನಿಮಿಷ ಮಾತು, ಟಿವಿ, ಮೊಬೈಲ್ ಎಲ್ಲ ಬಿಟ್ಟು ಕೈ ಏನು ಮಾಡುತ್ತಿದೆ ಎಂಬುದನ್ನಷ್ಟೇ ಗಮನಿಸಿ. ಒಂದು ಸಲಕ್ಕೆ ಒಂದೇ ಇಂದ್ರಿಯ ಆರಿಸಿಕೊಳ್ಳಿ. ಇವತ್ತು ಸ್ಪರ್ಶ, ನಾಳೆ ವಾಸನೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆದಾಯ ನಿಂತಿರುತ್ತದೆ, ಮಕ್ಕಳ ಶಾಲೆ ಶುರುವಾಗಿರುತ್ತದೆ, ದೋಣಿಯ ಸಾಲದ ಕಂತು ನಿಲ್ಲುವುದಿಲ್ಲ. ಕೈಯಲ್ಲಿ ಹರಿದ ಬಲೆ, ತಲೆಯಲ್ಲಿ ಸಾಲ. ಅಂಥವರಿಗೆ "ಅರ್ಧ ಗಂಟೆ ಧ್ಯಾನಕ್ಕೆ ಕೂರಿ" ಅಂದರೆ ಕೇಳುವ ಸ್ಥಿತಿಯಲ್ಲೇ ಇರುವುದಿಲ್ಲ. ಬಲೆ ಹೇಗೂ ನೇಯುತ್ತಾರೆ. ಒಂದೊಂದು ಗಂಟು ಬಿಗಿಯುವಾಗ ಒಂದೊಂದು ಉಸಿರು ಪೂರ್ತಿ ಬಿಡುವುದು, ಇಷ್ಟು ಸೇರಿಸಿಕೊಂಡರೆ ಸಾಕು.

ಒಂದು ಎಚ್ಚರಿಕೆ. ಕೆಲಸದ ಹೊರೆಯೇ ಆತಂಕಕ್ಕೆ ಕಾರಣವಾದವರಿಗೆ ಇದನ್ನು ಹೇಳಬೇಡಿ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ದುಡಿಯುವ ಹೆಣ್ಣುಮಗಳಿಗೆ "ಪಾತ್ರೆಯನ್ನು ಗಮನವಿಟ್ಟು ತೊಳಿ, ಮನಸ್ಸು ಹಗುರವಾಗುತ್ತದೆ" ಎನ್ನುವುದು ಸರಿಯಲ್ಲ. ಅವಳಿಗೆ ಬೇಕಾದದ್ದು ಆ ಪಾತ್ರೆಯನ್ನು ಇನ್ನೊಬ್ಬರು ತೊಳೆಯುವುದು, ಆ ಹೊತ್ತಿನಲ್ಲಿ ಅವಳು ಸುಮ್ಮನೆ ಕೂರುವುದು.

ರಾತ್ರಿಯ ಯೋಚನೆಗೆ ಎರಡು ದಾರಿ

ತಲೆಯಲ್ಲಿ ಆತಂಕ ಓಡುವವರಿಗೆ ರಾತ್ರಿಯೇ ಕಷ್ಟದ ಹೊತ್ತು. ಅವರಿಗೆ ಎರಡು ಆಯ್ಕೆ ಇದೆ.

ಮೊದಲನೆಯದು ಮಲಗಿಕೊಂಡು ಮೈ ಗಮನಿಸುವುದು. ಎಡಗಾಲಿನ ಹೆಬ್ಬೆರಳಿಂದ ಶುರು ಮಾಡಿ. ಅಲ್ಲಿ ಬಿಸಿಯೋ ತಂಪೋ, ಬಟ್ಟೆ ತಾಗುತ್ತಿದೆಯೋ ನೋಡಿ. ಪಾದ, ಮೀನಖಂಡ, ಮೊಣಕಾಲು, ತೊಡೆ. ಆಮೇಲೆ ಬಲಗಾಲು. ಹೊಟ್ಟೆ, ಬೆನ್ನು, ಹೆಗಲು, ದವಡೆ, ಹಣೆ. ಎಲ್ಲೂ ಏನನ್ನೂ ಸರಿ ಮಾಡಲು ಹೋಗಬೇಡಿ, ಬರೀ ನೋಡಿ ಮುಂದೆ ಹೋಗಿ. ನಡುವೆ ನಿದ್ದೆ ಬಂದರೆ ಒಳ್ಳೆಯದೇ ಆಯಿತು. ಇದನ್ನು ಯಾರಾದರೂ ನಿಧಾನವಾಗಿ ಹೇಳುತ್ತಿದ್ದರೆ ಸುಲಭ. ಮನೆಯವರಲ್ಲಿ ನಿಮಗೆ ಹಿತವೆನಿಸುವ ದನಿ ಯಾರದ್ದೋ ಅವರಿಂದ ನಿಮ್ಮ ಮನೆಮಾತಿನಲ್ಲೇ ಫೋನಿಗೆ ಹೇಳಿಸಿ ಇಟ್ಟುಕೊಳ್ಳಿ, ಕನ್ನಡವೋ ಕೊಂಕಣಿಯೋ ನವಾಯತಿಯೋ.

ಎರಡನೆಯದು ಯೋಚನೆಗೆ ಒಂದು ಹೊತ್ತು ನಿಗದಿ ಮಾಡುವುದು. ಸಂಜೆ 15–20 ನಿಮಿಷ, ಒಂದು ನೋಟ್‌ಬುಕ್. ತಲೆಯಲ್ಲಿ ಇರುವುದನ್ನೆಲ್ಲ ಬರೆಯಿರಿ. ಒಂದೊಂದರ ಎದುರು, ನಾಳೆ ನಾನು ಮಾಡಬಹುದಾದದ್ದು ಏನಾದರೂ ಇದೆಯಾ ಅಂತ ಕೇಳಿಕೊಳ್ಳಿ. ಅಡಿಕೆಗೆ ಕೊಳೆ ರೋಗದ ಹೆದರಿಕೆ ಇದ್ದರೆ ಬೋರ್ಡೋ ಔಷಧಿ ಹೊಡೆಯುವವರಿಗೆ ಫೋನ್ ಮಾಡುವುದು ನಾಳೆಯ ಕೆಲಸ. ಅಡಿಕೆಯ ದರ ಮುಂದಿನ ವರ್ಷ ಎಷ್ಟಿರುತ್ತದೆ ಎಂಬುದಕ್ಕೆ ನಾಳೆ ಮಾಡುವಂಥದ್ದೇನೂ ಇಲ್ಲ, ಅದರ ಎದುರು ಖಾಲಿ ಬಿಡಿ. ರಾತ್ರಿ ಮತ್ತೆ ಬಂದರೆ "ನಾಳೆ ಸಂಜೆ ನೋಡೋಣ" ಅಂತ ಹೇಳಿಕೊಳ್ಳಬಹುದು.

ಎರಡರಲ್ಲಿ ಯಾವುದು? ನಿಜವಾದ, ಬಿಡಿಸಬಹುದಾದ ಸಮಸ್ಯೆ ಇರುವವರಿಗೆ ನೋಟ್‌ಬುಕ್. ಕಾರಣವೇ ಸಿಗದ ಆತಂಕಕ್ಕೆ ಮೈ ಗಮನಿಸುವುದು.

ಜಪ, ತಸ್ಬೀಹ್, ಜಪಮಾಲೆ

ದೇವರಲ್ಲಿ ನಂಬಿಕೆ ಇರುವವರಿಗೆ ಹೊಸದನ್ನು ಕಲಿಯುವ ಬದಲು ಇದ್ದ ರೂಢಿಯನ್ನೇ ನಿಧಾನ ಮಾಡುವುದು ಸುಲಭ. ಶಿರಸಿಯ ಅಜ್ಜಿಯ ನಾಮಜಪವಿರಲಿ, ಭಟ್ಕಳದ ಮುಸ್ಲಿಂ ಮನೆಯ ತಸ್ಬೀಹ್ ಇರಲಿ, ಕಾರವಾರದ ಕ್ರೈಸ್ತರ ಜಪಮಾಲೆ ಇರಲಿ, ಮೂರರಲ್ಲೂ ಬೆರಳಿಗೆ ಕೆಲಸ, ನಾಲಿಗೆಗೆ ಲಯ, ಉಸಿರಿಗೆ ನಿಧಾನ ಇದೆ. ಒಂದನ್ನು ಮಾತ್ರ ನೋಡಿಕೊಳ್ಳಿ. ಲೆಕ್ಕ ತಪ್ಪಿದರೆ ಕೆಡುಕಾಗುತ್ತದೆ ಎಂಬ ಹೆದರಿಕೆಯಿಂದ ಮತ್ತೆ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರೆ ಅದು ಆತಂಕವನ್ನು ಬೆಳೆಸುತ್ತಿದೆ ಎಂದರ್ಥ. ಅದಕ್ಕೆ ಮನೋವೈದ್ಯರಲ್ಲಿ ಒಳ್ಳೆಯ ಚಿಕಿತ್ಸೆ ಇದೆ.

ಮೊಬೈಲ್ ಆ್ಯಪ್

ಹೆಸರುವಾಸಿ ಆ್ಯಪ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ, ಪೂರ್ತಿ ಬಳಸಲು ಹಣ ಕೇಳುತ್ತವೆ. ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೂಡ ಕೈಕೊಡುತ್ತದೆ. ಧ್ಯಾನಕ್ಕೆಂದು ಫೋನ್ ತೆರೆದರೆ ವಾಟ್ಸಾಪ್ ಕಾಣುತ್ತದೆ. ಹೊರ ಊರಿನಲ್ಲಿ ಒಬ್ಬರೇ ಇರುವ ವಿದ್ಯಾರ್ಥಿಗಳಿಗೆ, ಇಂಗ್ಲಿಷ್ ಸಲೀಸಾದವರಿಗೆ ಶುರುವಿನಲ್ಲಿ ಉಪಯೋಗವಾಗಬಹುದು. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಕೇಳಿ.

ತರಗತಿ ಮತ್ತು ಶಿಬಿರ

ಮೇಲೆ ಹೇಳಿದ 8 ವಾರಗಳ ತರಬೇತಿಯನ್ನು ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಎಸ್ಸಿಟಲೋಪ್ರಾಮ್ ಎಂಬ ಮಾತ್ರೆಯ ಜೊತೆ ಹೋಲಿಸಿದ ಅಧ್ಯಯನವೊಂದು ಅಮೆರಿಕದಲ್ಲಿ 2022ರ ನವೆಂಬರ್‌ನಲ್ಲಿ ಪ್ರಕಟವಾಯಿತು. 8 ವಾರದ ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಆತಂಕ ಇಳಿಸಿದ್ದವು. ಈ ಸುದ್ದಿ ಓದಿ ಮಾತ್ರೆ ಬಿಡಲು ಹೊರಡುವವರು ಒಂದು ವಿಷಯ ಗಮನಿಸಬೇಕು. ಆ ಗುಂಪಿನವರು ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿಗೆ ಹೋಗುತ್ತಿದ್ದರು, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ ಮಾಡಬೇಕಿತ್ತು. ನಮ್ಮ ಐದು ನಿಮಿಷಕ್ಕೆ ಅಷ್ಟು ಶಕ್ತಿ ಇದೆ ಅಂತ ಅದರಿಂದ ಹೇಳಲಾಗುವುದಿಲ್ಲ.

ನಮ್ಮ ತಾಲೂಕು ಊರುಗಳಲ್ಲಿ ಸಿಗುವುದು ಹೆಚ್ಚಾಗಿ ಯೋಗ ತರಗತಿ. ಅದು ಒಳ್ಳೆಯದೇ. ಹತ್ತು ಜನರ ಜೊತೆ ಒಂದು ನಿಗದಿತ ಹೊತ್ತಿಗೆ ಹೋಗುವುದರಿಂದ ಅಭ್ಯಾಸ ತಪ್ಪುವುದಿಲ್ಲ. ಗೋಕರ್ಣದ ಯೋಗ ಶಿಬಿರಗಳು ಹೆಚ್ಚಾಗಿ ಪ್ರವಾಸಿಗರಿಗಾಗಿ ಇವೆ, ಖರ್ಚು ಜಾಸ್ತಿ.

ಧ್ಯಾನಗುರು ಎಸ್.ಎನ್. ಗೋಯೆಂಕಾ ಅವರ ಪರಂಪರೆಯ 10 ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಶುಲ್ಕವಿಲ್ಲ, ಮುಗಿಸಿದವರು ಕೊಡುವ ದಾನದಿಂದ ನಡೆಯುತ್ತದೆ. ಮಾತಿಲ್ಲ, ಫೋನಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದಿನಕ್ಕೆ ಹತ್ತು ಗಂಟೆಯಷ್ಟು ಕೂರಬೇಕು. ಆತಂಕ ಜೋರಾಗಿರುವಾಗ ಇದನ್ನು ಮೊದಲ ಹೆಜ್ಜೆಯಾಗಿ ಆರಿಸಬೇಡಿ ಎಂದೇ ಹೇಳುತ್ತೇನೆ. ಅಷ್ಟು ಹೊತ್ತು ತನ್ನ ಮನಸ್ಸಿನ ಜೊತೆ ಒಬ್ಬರೇ ಇರುವುದು ಕೆಲವರಿಗೆ ತಾಳಲಾರದಷ್ಟಾಗುತ್ತದೆ. ಮನೆಯಲ್ಲಿ ದಿನಾ ಕೂರುವ ರೂಢಿಯಾಗಿ, ಮನಸ್ಸು ಒಂದು ಹದಕ್ಕೆ ಬಂದ ಮೇಲೆ ಹೋಗಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಮಳೆ, ಗುಡ್ಡ, ಸೇತುವೆಯ ಹೆದರಿಕೆ ಇರುವವರಿಗೆ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಗಂಗಾವಳಿ ನದಿಯಲ್ಲಿ ಹುಡುಕಾಟ ಎರಡು ತಿಂಗಳು ದಾಟಿ ನಡೆಯಿತು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇಂಥದ್ದನ್ನು ಹತ್ತಿರದಿಂದ ಕಂಡವರಿಗೆ, ತಮ್ಮವರನ್ನು ಕಳೆದುಕೊಂಡವರಿಗೆ ರಾತ್ರಿಯ ಜೋರು ಮಳೆಯ ಸದ್ದೇ ಸಾಕು, ಮೈ ನಡುಗುತ್ತದೆ.

ಅವರು ಕಣ್ಣು ಮುಚ್ಚಿ ಕೂರುವುದು ಬೇಡ. ಕಣ್ಣು ಮುಚ್ಚಿದರೆ ಆ ನೋಟವೇ ಎದುರು ಬರಬಹುದು. ಕಣ್ಣು ತೆರೆದೇ ಇರಲಿ, ದೀಪ ಹಾಕಿ. ಎರಡೂ ಪಾದ ನೆಲಕ್ಕೆ ಒತ್ತಿ. ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ: ಬಾಗಿಲು, ಕ್ಯಾಲೆಂಡರ್, ಕೊಡೆ, ಚೊಂಬು, ಮಗುವಿನ ಚೀಲ. ಮುಟ್ಟಲು ಸಿಗುವ ನಾಲ್ಕು. ಕೇಳುವ ಮೂರು ಸದ್ದು. ಮೂಗಿಗೆ ಬರುವ ಎರಡು ವಾಸನೆ. ನಾಲಿಗೆಗೆ ಒಂದು ರುಚಿ. "ಇವತ್ತು ಇಂಥ ತಾರೀಕು, ನಾನು ನನ್ನ ಮನೆಯಲ್ಲಿದ್ದೇನೆ" ಅಂತ ಹೇಳಿಕೊಳ್ಳಿ. ಪಕ್ಕದಲ್ಲಿ ಇದ್ದವರು "ಹೆದರಬೇಡ" ಅಂತ ಗದರದೆ ಜೊತೆಗೆ ಕೂತು ಒಂದೊಂದಾಗಿ ಹೇಳಿಸಿದರೆ ಇನ್ನೂ ಒಳ್ಳೆಯದು. ಗುಡ್ಡದ ಬುಡದಲ್ಲೇ ಮನೆ ಇದ್ದು ಎಚ್ಚರಿಕೆ ಕೊಟ್ಟಿದ್ದರೆ ಆ ಹೆದರಿಕೆಗೆ ಕಾರಣ ಇದೆ. ಅಲ್ಲಿ ಅಭ್ಯಾಸಕ್ಕಿಂತ ಮೊದಲು ಜಾಗ ಬದಲಿಸಬೇಕು.

ಎಷ್ಟು ದಿನ ನೋಡಬೇಕು, ಯಾವಾಗ ಡಾಕ್ಟರ ಬಳಿ ಹೋಗಬೇಕು

ಒಂದೇ ಅಭ್ಯಾಸ ಆರಿಸಿ. ಅದನ್ನು ಈಗಾಗಲೇ ದಿನಾ ಮಾಡುವ ಯಾವುದಾದರೂ ಕೆಲಸಕ್ಕೆ ಅಂಟಿಸಿ: ಹಾಲು ಕರೆದ ಮೇಲೆ, ಬಸ್ ಹತ್ತಿದ ಮೇಲೆ, ದೀಪ ಹಚ್ಚಿದ ಮೇಲೆ. ಮನಸ್ಸು ಸಮಾಧಾನವಾಗಿರುವಾಗಲೂ ಮಾಡಿ. ಹಾಗೆ ರೂಢಿಯಾದರೆ ಮಾತ್ರ ಕಷ್ಟದ ಹೊತ್ತಿಗೆ ನೆನಪಾಗುತ್ತದೆ. ಮೂರು, ನಾಲ್ಕು ವಾರ ಬಿಡದೆ ಮಾಡಿಯೂ ಏನೂ ಬದಲಾಗದಿದ್ದರೆ ಇನ್ನೊಂದಕ್ಕೆ ಹೋಗಿ. ಮಾಡಿದಾಗಲೆಲ್ಲ ಆತಂಕ ಏರುತ್ತಿದ್ದರೆ ಅಷ್ಟು ದಿನ ಕಾಯಬೇಕಿಲ್ಲ, ಅವತ್ತೇ ನಿಲ್ಲಿಸಿ.

ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟಿದ್ದರೆ, ಹೆದರಿಕೆಯಿಂದ ಮನೆ ಬಿಟ್ಟು ಹೊರಡಲು ಆಗದಿದ್ದರೆ, ಆತಂಕ ಇಳಿಸಲು ಕುಡಿತಕ್ಕೆ ಬಿದ್ದಿದ್ದರೆ ಅಭ್ಯಾಸ ಒಂದೇ ಸಾಲದು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸಾಯಬೇಕು ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್ ಮಾತ್ರೆ ಕೊಟ್ಟರೆ ನಡಿಗೆಯನ್ನೋ ಉಸಿರನ್ನೋ ಬಿಡಬೇಕಾಗಿಲ್ಲ, ಎರಡೂ ಜೊತೆಗೆ ನಡೆಯಬಹುದು. ಆತಂಕದ ಮಾತ್ರೆಗಳಲ್ಲಿ ಹಲವು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರವಾದರೂ ಬೇಕು. ಹುಷಾರಾಯಿತು ಅನ್ನಿಸಿದ ದಿನ ನೀವಾಗಿಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರಬಹುದು. ಕಡಿಮೆ ಮಾಡುವುದು ಹೇಗೆ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.